ನಿನ್ನ ಕೂಡ ಯಾರ ಬಂದಾರ?

ಬೆಳಗಿನ ಏಳು ಗಂಟೆಯ ಸುಮಾರಿಗೆ ನಮ್ಮ ಸೀಮೆಯ ಯಾವದಾದರೂ ಬಸ್ ನಿಲ್ದಾಣದಲ್ಲಿ, ಅದು ಬೈಲಹೊಂಗಲವಿರಲಿ, ಸವದತ್ತಿಯಿರಲಿ, ಕಿತ್ತೂರು ರಾಮದುರ್ಗಗಳಿರಲಿ, ಅರ್ಧ ತಾಸು ಸುಮ್ಮನೆ ಕುಳಿತು ನೋಡಬೇಕು. ಯಾರು ಸಂತೆಗೆ ಬಂದವರು, ಯಾರು ಕೋರ್ಟು ಕಚೇರಿಗೆ ಬಂದವರು, ಯಾರು ದವಾಖಾನೆಗೆ ಹೊರಟವರು ಎಂಬದು ಕೇಳದೆಯೇ ತಿಳಿಯುತ್ತದೆ. ಸಂತೆಯವರು ಬಸ್ಸು ನಿಲ್ಲುವ ಮೊದಲೇ ಬಾಗಿಲಲ್ಲಿರುವರು. ಕೋರ್ಟಿನವರು ಇಳಿದವರೇ ಚಹದ ಅಂಗಡಿಯ ಮುಂದೆ ಗುಂಪುಗೂಡುವರು. ದವಾಖಾನೆಯವರು ಮಾತ್ರ ಜನವೆಲ್ಲ ಇಳಿದ ಮೇಲೆ, ಎಲ್ಲರಿಗಿಂತ ಹಿಂದಿನಿಂದ, ಜೋಡಿಯಾಗಿ ಇಳಿಯುವರು. ಒಬ್ಬರು ಮೊದಲು ಇಳಿದು ತಿರುಗಿ ನಿಂತು ಕೈ ಚಾಚುವರು, ಇನ್ನೊಬ್ಬರು ಆ ಕೈಯನ್ನು ಹಿಡಿದು ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿಯುವರು. ಮೊದಲು ಇಳಿದವರ ಹೆಗಲಿಗೆ ಒಂದು ಚೀಲ. ಅದರಲ್ಲಿ ಹಳೆಯ ಕೇಸ್ ಪೇಪರುಗಳು, ಒಂದು ನೀರಿನ ಬಾಟಲಿ, ಅರಿವೆಯಲ್ಲಿ ಸುತ್ತಿದ ಎರಡು ರೊಟ್ಟಿ.

ಈ ಜೋಡಿಯಲ್ಲಿ ಬೇನೆಯುಳ್ಳವರ ವಿಷಯವಾಗಿ ವೈದ್ಯರು ಬರೆದಿದ್ದಾರೆ, ಸರಕಾರದವರು ಲೆಕ್ಕ ಇಟ್ಟಿದ್ದಾರೆ. ಚೀಲ ಹಿಡಿದವರ ಸುದ್ದಿಯನ್ನು ಮಾತ್ರ ಯಾರೂ ಎತ್ತುವದಿಲ್ಲ. ಆದುದರಿಂದ ಈ ತಿಂಗಳ ನಮ್ಮ ಪುಟವನ್ನು ಅವರಿಗಾಗಿ ತೆಗೆದಿರಿಸಿದ್ದೇವೆ.

ನಮ್ಮ ಸೋದರತ್ತೆಯವರಿಗೆ ಸಕ್ಕರೆಯ ಬೇನೆ. ವಯಸ್ಸು ಎಪ್ಪತ್ತನ್ನು ದಾಟಿದೆ. ತಿಂಗಳಿಗೊಮ್ಮೆ ಅವರನ್ನು ತಾಲೂಕಾ ದವಾಖಾನೆಗೆ ಕರೆದೊಯ್ಯುವ ಕೆಲಸವು ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿದೆ. ಯಾವ ಊರಿನ ದವಾಖಾನೆ ಎಂಬದನ್ನು ಹೇಳೆವು. ಹೇಳಿದರೆ ಅದು ಆ ಒಂದೇ ಊರಿನ ಮಾತೆಂದು ಉಳಿದ ಊರಿನವರು ನೆಮ್ಮದಿಯಿಂದ ಪುಟವನ್ನು ತಿರುವಿ ಹಾಕುವರು.

ಅಲ್ಲಿಯ ಕ್ರಮವು ವಾಚಕರಲ್ಲಿ ಬಹುಜನರಿಗೆ ಗೊತ್ತಿದ್ದದ್ದೇ. ಮೊದಲು ಕೇಸ್ ಪೇಪರಿನ ಕಿಟಕಿ. ಅಲ್ಲಿ ಹೆಸರು, ವಯಸ್ಸು, ಊರು, ಆಧಾರ ಕಾರ್ಡು, ಮೊಬೈಲ್ ನಂಬರು. ಅಲ್ಲಿಂದ ವೈದ್ಯರ ಕೋಣೆಯ ಮುಂದಿನ ಸಾಲು. ವೈದ್ಯರು ನೋಡಿ, ರಕ್ತ ತಪಾಸಣೆಗೆ ಚೀಟಿ ಬರೆದು ಕೊಡುವರು. ತಪಾಸಣೆಯ ಕೋಣೆ ಇನ್ನೊಂದು ಮೂಲೆಯಲ್ಲಿ. ಅಲ್ಲಿ ಬರಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, ಉಂಡ ಎರಡು ತಾಸಿನ ಮೇಲೆ ಮತ್ತೊಮ್ಮೆ ಕೊಡಬೇಕು. ಅದರ ಫಲವು ಕೈಗೆ ಬಂದ ಮೇಲೆ ತಿರುಗಿ ವೈದ್ಯರ ಕೋಣೆ. ಆಮೇಲೆ ಗುಳಿಗೆ ಕೊಡುವ ಕಿಟಕಿ. ಅಲ್ಲಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿ ಕಿಟಕಿಯ ಬಾಗಿಲು ಹಾಕಿದ್ದರೆ, ಅದು ತೆರೆಯುವ ತನಕ ಕಟ್ಟೆಯ ಮೇಲೆ. ಇಷ್ಟು ಸಾಲುಗಳಲ್ಲಿ ನಮ್ಮ ಅತ್ತೆಯವರು ಒಂದರಲ್ಲಿಯೂ ನಿಲ್ಲುವದಿಲ್ಲ. ಅವರು ಬೇವಿನ ಗಿಡದ ಕೆಳಗೆ ಕುಳಿತು, ಪಕ್ಕದಲ್ಲಿ ಕುಳಿತ ಯಾರಾದರೂ ಒಬ್ಬರೊಡನೆ ಬೀಗತನದ ಎಳೆಯನ್ನು ಹುಡುಕುತ್ತಿರುವರು. ಸಾಲಿನಲ್ಲಿ ನಿಲ್ಲುವದು, ಯಾವ ಕೋಣೆ ಎಲ್ಲಿದೆ ಎಂದು ಕೇಳುವದು, ಹೆಸರು ಕೂಗಿದ ಕೂಡಲೆ ಓಡಿ ಹೋಗಿ ಅವರನ್ನು ಎಬ್ಬಿಸಿಕೊಂಡು ಬರುವದು, ಕೆಂಪು ಗುಳಿಗೆ ಊಟಕ್ಕಿಂತ ಮೊದಲೋ ಆಮೇಲೋ ಎಂಬದನ್ನು ನೆನಪಿಡುವದು, ಇವೆಲ್ಲ ನಮ್ಮ ಕೆಲಸ. ಒಂದು ದಿನದ ಅಂತ್ಯಕ್ಕೆ, ಬೇನೆಯು ಅವರಿಗೋ ನಮಗೋ ಎಂಬ ಸಂದೇಹ ಬರುವಷ್ಟು ದಣಿವು ನಮಗಾಗಿರುತ್ತದೆ.

ಒಂದು ದಿನ ಅದೇ ಕಿಟಕಿಯ ಮುಂದೆ ನಮ್ಮ ಮುಂದಿನ ಸ್ಥಾನದಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಇಳಕಲ್ಲ ಸೀರೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ. ತಿರುಗಿ ನಮ್ಮ ಮುಖ ನೋಡಿ, "ಯಪ್ಪಾ, ಇದರಾಗ ಏನ ಬರದಾರ ಸ್ವಲ್ಪ ಓದಿ ಹೇಳ್ತೀಯೇನ?" ಎಂದು ಕೇಳಿದಳು. ಕಾಗದದಲ್ಲಿ, ಈ ದಿವಸ ಬರಿ ಹೊಟ್ಟೆಯಲ್ಲಿ ರಕ್ತ ತಪಾಸಣೆಗೆ ಬರಬೇಕೆಂದು ಬರೆದಿತ್ತು. ಅದೂ ಇಂಗ್ಲಿಷಿನಲ್ಲಿ. "ಏನಾದರೂ ತಿಂದು ಬಂದಿಯಾ ಯವ್ವಾ?" ಎಂದು ನಾವು ಕೇಳಿದೆವು. ಮೊದಲನೆಯ ಬಸ್ಸಿಗಾಗಿ ನಸುಕಿನಲ್ಲಿ ಎದ್ದವಳು, ತಲೆ ತಿರುಗೀತೆಂದು ಅರ್ಧ ರೊಟ್ಟಿ ತಿಂದು, ಚಹ ಕುಡಿದು ಬಂದಿದ್ದಳು. ಅಷ್ಟರಲ್ಲಿ ಅವಳ ಪಾಳಿ ಬಂದಿತು. ಕಿಟಕಿಯೊಳಗಿನವರು ತಲೆ ಎತ್ತದೆಯೇ ಕೇಳಿದರು:

"ಯವ್ವಾ, ನಿನ್ನ ಕೂಡ ಯಾರ ಬಂದಾರ?"

"ಯಾರೂ ಇಲ್ಲರಿ."

"ಮುಂದಿನ ಸಲ ಯಾರನ್ನರ ಕರಕೊಂಡ ಬಾ. ಒಬ್ಬಾಕೀನ ಬಂದ್ರ ಹೆಂಗ?"

ಮಾತಿನಲ್ಲಿ ಸಿಟ್ಟಿರಲಿಲ್ಲ. ಕಿಟಕಿಯ ಒಳಗೆ ಒಬ್ಬರು, ಹೊರಗೆ ಹತ್ತು ಹಳ್ಳಿಯ ಜನ. ಒಬ್ಬೊಬ್ಬರಿಗೆ ವಿವರಿಸುತ್ತ ಕುಳಿತರೆ ಕೊನೆಯವರಿಗೆ ಸಂಜೆಯಾಗುವದು. ಆ ಮನುಷ್ಯನನ್ನು ದೂರುವ ಮನಸ್ಸು ನಮಗಿಲ್ಲ. ಆದರೆ ಆ ಪ್ರಶ್ನೆ ನಮ್ಮ ಕಿವಿಯಲ್ಲಿ ಉಳಿಯಿತು. ಕಿಟಕಿಯಿಂದ ಕಿಟಕಿಗೆ, ಕೋಣೆಯಿಂದ ಕೋಣೆಗೆ ನಾವು ಎಷ್ಟು ಸಲ ಈ ಪ್ರಶ್ನೆಯನ್ನು ಕೇಳಿದ್ದೇವೆ! ದವಾಖಾನೆಯಲ್ಲಿ ವೈದ್ಯರಿದ್ದಾರೆ, ನರ್ಸಬಾಯಿಯರಿದ್ದಾರೆ, ಔಷಧವೂ ಇದೆ. ಇಷ್ಟೆಲ್ಲ ಇದ್ದೂ ಸಂಗಡ ಒಬ್ಬರು ಇಲ್ಲದಿದ್ದರೆ ಇವುಗಳಲ್ಲಿ ಒಂದೂ ಆ ಮುದುಕಿಯ ಕೈಗೆ ಎಟುಕಲಾರದು. ಸಂಬಳವಿಲ್ಲದ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಒಬ್ಬ ನೌಕರನನ್ನು ಪ್ರತಿಯೊಬ್ಬ ರೋಗಿಯೂ ತನ್ನ ಮನೆಯಿಂದಲೇ ತರುವನೆಂದು ನಂಬಿ ನಮ್ಮ ದವಾಖಾನೆಗಳು ನಡೆಯುತ್ತವೆ.

ಹಿಂದಿನ ಕಾಲದಲ್ಲಿ ಹೀಗಿರಲಿಲ್ಲವೆಂದು ಕೆಲವರು ಹೇಳುವರು. ಹೌದು, ಹೀಗಿರಲಿಲ್ಲ. ಆಗ ರೋಗಿಯು ಹೋಗುತ್ತಿರಲಿಲ್ಲ, ಉಪಚಾರವೇ ಮನೆಗೆ ಬರುತ್ತಿತ್ತು. ಸೂಲಗಿತ್ತಿಯು ಬಾಣಂತಿಯ ಹತ್ತಿರ ರಾತ್ರಿಯೆಲ್ಲ ಕುಳಿತಿರುತ್ತಿದ್ದಳು. ವೈದ್ಯರು ಕುದುರೆಯ ಮೇಲೆ ಬಂದು ನಾಡಿ ನೋಡಿ ಹೋಗುತ್ತಿದ್ದರು. ಆದರೆ ಆ ಕಾಲದ ಹೊಗಳಿಕೆಯನ್ನು ನಾವು ಇಲ್ಲಿಗೇ ನಿಲ್ಲಿಸುವೆವು. ಯಾಕಂದರೆ ನಮ್ಮ ಅಜ್ಜಿಯರ ಪೀಳಿಗೆಯಲ್ಲಿ ಹೆರಿಗೆಯ ಹೊತ್ತಿಗೆ ರಕ್ತ ಹರಿದು ತೀರಿಹೋದ ಸೊಸೆಯೊಬ್ಬಳ ಹೆಸರಿಲ್ಲದ ಮನೆ ಸಿಕ್ಕುವದು ಕಷ್ಟ. ಸೂಲಗಿತ್ತಿ ಪಕ್ಕದಲ್ಲಿಯೇ ಇರುತ್ತಿದ್ದಳು. ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಅಷ್ಟೇ.

ಈ ಮಾತಿಗೆ ಸಂಬಂಧಿಸಿದ ಒಂದು ಸಂಗತಿ ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ನಡೆದಿದೆ. ಲೋಕದ ವೈದ್ಯರೆಲ್ಲ ಅದನ್ನು ಬಲ್ಲರು, ನಾವು ಇಲ್ಲಿಯವರು ಬಲ್ಲೆವೋ ಇಲ್ಲವೋ. 2002ರ ಸಪ್ಟೆಂಬರದಿಂದ 2005ರ ಡಿಸೆಂಬರದ ತನಕ ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೇರಿಕೆಯ ವೈದ್ಯರ ಕೂಡ ಸೇರಿ, ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ ಒಂದು ಪರೀಕ್ಷೆಯನ್ನು ನಡೆಯಿಸಿದರು. ಮನೆಯಲ್ಲಿಯೋ ಉಪಕೇಂದ್ರದಲ್ಲಿಯೋ ಹೆರುವ 1620 ಮಂದಿ ತಾಯಂದಿರು ಅದಕ್ಕೆ ಒಪ್ಪಿದರು. ಹೆರಿಗೆ ಮಾಡಿಸಿದವರು 25 ಮಂದಿ ನರ್ಸಬಾಯಿಯರು. ಹೆರಿಗೆಯಾದ ಕೂಡಲೆ ಅರ್ಧ ಜನಕ್ಕೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನೂ, ಉಳಿದ ಅರ್ಧಕ್ಕೆ ಅದರಂತೆಯೇ ಕಾಣುವ ಔಷಧವಿಲ್ಲದ ಗುಳಿಗೆಯನ್ನೂ ನುಂಗಿಸಿದರು. ಬರಿಯ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ ಅತಿಯಾಗಿ ರಕ್ತ ಹೋಯಿತು. ಔಷಧ ನುಂಗಿದವರಲ್ಲಿ ಅದು ನೂರಕ್ಕೆ 6.4ಕ್ಕೆ ಇಳಿಯಿತು. 2006ರಲ್ಲಿ ಇದು 'ಲ್ಯಾನ್ಸೆಟ್' ಎಂಬ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹೆರಿಗೆಯ ರಕ್ತಸ್ರಾವವನ್ನು ತಡೆಯುವದಕ್ಕಾಗಿ ಈ ಗುಳಿಗೆಯನ್ನು ಜಾಗತಿಕ ಆರೋಗ್ಯ ಸಂಸ್ಥೆಯವರು 2011ರಲ್ಲಿ ತಮ್ಮ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದರು.

ಈ ಕಥೆಯನ್ನು ಹೇಳುವಾಗ ಎಲ್ಲರೂ ಗುಳಿಗೆಯನ್ನು ಹೊಗಳುವರು. ಸೂಜಿ ಬೇಡ, ತಂಪು ಪೆಟ್ಟಿಗೆ ಬೇಡ, ಬೆಲೆಯೂ ಕಡಿಮೆ, ನಿಜವೇ. ನಮ್ಮ ದೃಷ್ಟಿ ಮಾತ್ರ ಆ 25 ಮಂದಿ ನರ್ಸಬಾಯಿಯರ ಕಡೆಗೆ ಹೋಗುತ್ತದೆ. ಕೂಸು ಹೊರಗೆ ಬಿದ್ದ ಕ್ಷಣದಲ್ಲಿ ಅವರು ಅಲ್ಲಿಯೇ ಇದ್ದರು. ಅವರು ಆ ಕೋಣೆಯಲ್ಲಿಲ್ಲದೆ ಗುಳಿಗೆಯೊಂದೇ ಕಪಾಟಿನಲ್ಲಿದ್ದಿದ್ದರೆ ಆ ಲೆಕ್ಕ ಇಳಿಯುತ್ತಿತ್ತೇ?

ಬಸುರಿ ಬಾಣಂತಿಯರ ವಿಷಯದಲ್ಲಿ ಸರಕಾರಕ್ಕೂ ಈ ಅರಿವು ಬಂದಿತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ, ಸಾವಿರ ಜನಕ್ಕೆ ಒಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ನೇಮಿಸುವ ಏರ್ಪಾಡಾಯಿತು. ಅವಳ ಕರ್ತವ್ಯಗಳಲ್ಲಿ, ಬಸುರಿಯ ಸಂಗಡ ದವಾಖಾನೆಗೆ ಹೋಗುವದೂ ಒಂದೆಂದು ಸ್ಪಷ್ಟವಾಗಿ ಬರೆಯಲಾಯಿತು. ವಾಚಕರು ಇದನ್ನು ಸ್ವಲ್ಪ ನಿಂತು ಯೋಚಿಸಬೇಕು. 'ಸಂಗಡ ಹೋಗುವದು' ಎಂಬ ಮನೆಯವರ ಕೆಲಸವನ್ನು ಸರಕಾರವು ಮೊದಲ ಸಲ ಒಂದು ಕೆಲಸವೆಂದು ಒಪ್ಪಿಕೊಂಡದ್ದು ಆಗ. ನಮ್ಮ ರಾಜ್ಯದಲ್ಲಿ 108ರ ಗಾಡಿ 2008ರ ನವೆಂಬರದಿಂದ ಓಡತೊಡಗಿತು. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಹೆರಿಗೆ, ಶಸ್ತ್ರಕ್ರಿಯೆ, ಔಷಧ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲವೂ ಉಚಿತವಾದವು. ಫಲವೇನೆಂದರೆ, 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ದವಾಖಾನೆಗಳಲ್ಲಿ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಆ ಸಂಖ್ಯೆ 97ಕ್ಕೆ ಏರಿತು. ಹಣವೂ ಗಾಡಿಯೂ ಇದಕ್ಕೆ ಕಾರಣಗಳೆಂಬದರಲ್ಲಿ ಸಂಶಯವಿಲ್ಲ. ಆದರೆ ನಡುರಾತ್ರಿಯಲ್ಲಿ ಗಾಡಿಯೊಳಗೆ ಹತ್ತಿ ಸಂಗಡ ಕುಳಿತು ಬಂದ ಆಶಾಳನ್ನು ನಮ್ಮ ಸೀಮೆಯ ಯಾವ ಬಾಣಂತಿಯೂ ಲೆಕ್ಕದಿಂದ ಬಿಡಲಾರಳು. 2022ರ ಮೇ ತಿಂಗಳಲ್ಲಿ ಜಾಗತಿಕ ಆರೋಗ್ಯ ಸಂಸ್ಥೆಯವರು ಭಾರತದ ಎಲ್ಲ ಆಶಾ ಕಾರ್ಯಕರ್ತೆಯರನ್ನು ಒಟ್ಟಾಗಿ ಸನ್ಮಾನಿಸಿದ್ದು ಯೋಗ್ಯವೇ ಆಯಿತು. ಗೌರವಧನದ ಮಾತಿಗೆ ಬಂದರೆ ಸನ್ಮಾನದಷ್ಟು ಉದಾರತೆ ಕಾಣುವದಿಲ್ಲ. ಆ ಮಾತು ಬೇರೊಂದು ತಿಂಗಳಿಗಿರಲಿ.

ಹೆರಿಗೆಗೆ ಸಂಗಡ ಹೋಗುವವರು ದೊರೆತರು. ಸಕ್ಕರೆ ಬೇನೆಯ ಮುದುಕಿಗೆ?

ಇಲ್ಲಿ ನಾವು ಒಂದು ಸಂಗತಿಯನ್ನು ಹೇಳಲೇಬೇಕು. ಹೇಳುವದಕ್ಕೆ ಸಂಕೋಚವೆನಿಸಿ ಎರಡು ತಿಂಗಳು ಮುಂದೆ ಹಾಕಿದೆವು.

ನಮ್ಮ ಓಣಿಯಲ್ಲಿ ಒಬ್ಬ ಆಯಿ ಇದ್ದಾರೆ. ಗಂಡ ತೀರಿ ಬಹಳ ವರ್ಷಗಳಾದವು. ಒಬ್ಬನೇ ಮಗ, ಗೋವೆಯಲ್ಲಿ ಗೌಂಡಿ ಕೆಲಸ. ಆಯಿ ಕಟಕ ರೊಟ್ಟಿ ಬಡಿದು ಮಾರಿ ಜೀವನ ಮಾಡುತ್ತಿದ್ದರು. ಅವರ ರೊಟ್ಟಿಯ ಸಪ್ಪಳದಿಂದಲೇ ನಮ್ಮ ಓಣಿಗೆ ಬೆಳಗಾಗುತ್ತಿತ್ತು. ಅವರಿಗೆ ರಕ್ತದ ಒತ್ತಡ ಇತ್ತು. ಸೊಸೆ ಮನೆಯಲ್ಲಿದ್ದಾಗ ತಿಂಗಳಿಗೊಮ್ಮೆ ಅತ್ತೆಯನ್ನು ತಾಲೂಕಿಗೆ ಕರೆದೊಯ್ದು ಗುಳಿಗೆ ತರುತ್ತಿದ್ದಳು. ಮುಂದೆ ಮಕ್ಕಳ ಶಾಲೆಗಾಗಿ ಸೊಸೆಯೂ ಗೋವೆಗೆ ಹೋದಳು. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಒಂದು ಮುಂಜಾವಿನಲ್ಲಿ ರೊಟ್ಟಿಯ ಸಪ್ಪಳ ಕೇಳಲಿಲ್ಲ. ಹಾಲು ಕೊಡುವ ಹುಡುಗನು ಬಾಗಿಲು ಬಡಿದು, ಉತ್ತರ ಬಾರದ್ದರಿಂದ ನಮ್ಮನ್ನು ಕರೆದನು. ಆಯಿ ಒಲೆಯ ಹತ್ತಿರ ಒಂದು ಮಗ್ಗಲಾಗಿ ಬಿದ್ದಿದ್ದರು. ಬಾಯಿ ಸೊಟ್ಟಗಾಗಿತ್ತು. ಬಲಗೈ ಏಳಲಿಲ್ಲ. ಕಣ್ಣು ತೆರೆದೇ ಇದ್ದರು. ನಮ್ಮ ಗುರುತು ಸಿಕ್ಕಿದ್ದೂ ತಿಳಿಯುತ್ತಿತ್ತು. ಮಾತು ಮಾತ್ರ ಬರಲಿಲ್ಲ.

ಕೂಡಿದ ಜನರಲ್ಲಿ ಒಬ್ಬರು ಲಕ್ವಾಕ್ಕೆ ಸೊಪ್ಪಿನ ಔಷಧ ಕೊಡುವ ಹಳ್ಳಿಯ ಹೆಸರು ಹೇಳಿದರು. ಇನ್ನೊಬ್ಬರು 108ಕ್ಕೆ ಫೋನು ಮಾಡಿಯೇ ಬಿಟ್ಟಿದ್ದರು. ಆ ಎರಡನೆಯವರಿಗೆ ಪುಣ್ಯವಿರಲಿ. ಗಾಡಿ ಬಂದಿತು. ತಾಲೂಕಿನಲ್ಲಿ ನೋಡಿದವರು ತಡ ಮಾಡದೆ ಮುಂದಿನ ದೊಡ್ಡ ದವಾಖಾನೆಗೆ ಕಳಿಸಿಕೊಟ್ಟರು. ಅಲ್ಲಿ ತರುಣ ವೈದ್ಯರೊಬ್ಬರು ಓಡುತ್ತಲೇ ಬಂದು ನಮ್ಮನ್ನು ಕೇಳಿದ ಮೊದಲನೆಯ ಮಾತು: "ಇವರು ಸರಿಯಾಗಿ ಇದ್ದದ್ದನ್ನು ಕೊನೆಗೆ ಯಾರು, ಎಷ್ಟು ಗಂಟೆಗೆ ನೋಡಿದರು?"

ನಮಗೆ ಗೊತ್ತಿರಲಿಲ್ಲ. ಸಂಜೆ ಅಂಗಳದಲ್ಲಿ ಕಂಡದ್ದು ಒಬ್ಬರಿಗೆ ನೆನಪು. ಆಮೇಲೆ ಯಾರೂ ನೋಡಿರಲಿಲ್ಲ. ಈ ಪ್ರಶ್ನೆಯ ಅರ್ಥವನ್ನು ವೈದ್ಯರೇ ಆಮೇಲೆ ವಿವರಿಸಿದರು. ತಲೆಯೊಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಆಗಿದ್ದರೆ, ಆ ಹೆಪ್ಪನ್ನು ಕರಗಿಸುವ ಸೂಜಿಮದ್ದು ಇದೆ. ಆದರೆ ಅದನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ಹೊತ್ತು ಮೀರಿದ ಮೇಲೆ ಕೊಟ್ಟರೆ ತಲೆಯಲ್ಲಿ ರಕ್ತಸ್ರಾವವಾಗುವ ಭಯವು ಲಾಭಕ್ಕಿಂತ ಹೆಚ್ಚಾಗುವದು. ಯಾವಾಗ ಆಯಿತೆಂಬದು ತಿಳಿಯದಿದ್ದರೆ, ಕೊನೆಗೆ ಸರಿಯಿದ್ದದ್ದನ್ನು ನೋಡಿದ ಗಳಿಗೆಯಿಂದಲೇ ಎಣಿಸಬೇಕು. ನಮ್ಮ ಆಯಿಗೆ ಆ ಎಣಿಕೆ ಹಿಂದಿನ ದಿನದ ಸಂಜೆಯಿಂದ ಹಿಡಿಯಬೇಕಾಯಿತು.

ಮರುದಿನ ಆಧಾರ ಕಾರ್ಡು, ರೇಶನ್ ಕಾರ್ಡುಗಳಿಗಾಗಿ ಆಯಿಯ ಮನೆಯ ಟ್ರಂಕನ್ನು ತೆರೆದೆವು. ಒಂದು ಹಳೆಯ ಲಗ್ನಪತ್ರಿಕೆಯ ನಡುವೆ ಕೇಸ್ ಪೇಪರುಗಳು ತಾರೀಖಿನ ಕ್ರಮದಲ್ಲಿ ಇದ್ದವು. ಕೊನೆಯದು ಎಂಟು ತಿಂಗಳ ಹಿಂದಿನದು. ಅದರ ಕೂಡ ಗುಳಿಗೆಯ ಖಾಲಿ ಪಟ್ಟಿಗಳು. ಬಣ್ಣ ತೋರಿಸಿ ಅಂಥದೇ ಕೇಳಬೇಕೆಂದು ಇಟ್ಟುಕೊಂಡಿದ್ದಿರಬೇಕು. ಆ ಎಂಟು ತಿಂಗಳಲ್ಲಿ ನಾವು ನಮ್ಮ ಅತ್ತೆಯವರನ್ನು ಎಂಟು ಸಲ ಅದೇ ದವಾಖಾನೆಗೆ ಕರೆದೊಯ್ದಿದ್ದೆವು. ಎಂಟು ಸಲವೂ ಆಯಿಯ ಮನೆಯ ಮುಂದಿನಿಂದಲೇ ನಡೆದು ಬಸ್ಸಿಗೆ ಹೋಗಿದ್ದೆವು. ಒಂದೆರಡು ಸಲ ಅವರೇ ಬಾಗಿಲಲ್ಲಿ ನಿಂತು, "ದವಾಖಾನಿಗೇನ್ರಿ?" ಎಂದು ಕೇಳಿದ್ದರು. ನಾವು "ಹೌದ್ರಿ ಆಯಿ" ಎಂದು ಹೇಳಿ, ಬಸ್ಸು ತಪ್ಪೀತೆಂದು ಮುಂದೆ ನಡೆದಿದ್ದೆವು. ಅವರು ಕೇಳಿದ್ದು ಕುಶಲದ ಮಾತೋ, ತಾವೂ ಬರಬಹುದೇ ಎಂಬ ಮಾತೋ ಎಂಬದನ್ನು ನಾವು ಈಗ ಯಾರ ಹತ್ತಿರ ಕೇಳೋಣ?

ಒಮ್ಮೆ ಹೋಗಿ ಗುಣಪಟ್ಟು ಬರುವ ದವಾಖಾನೆ ಬೇರೆ, ಜೀವಮಾನವೆಲ್ಲ ತಿಂಗಳಿಗೊಮ್ಮೆ ಹೋಗುವ ದವಾಖಾನೆ ಬೇರೆ. ಕಾಲು ಮುರಿದರೆ ಓಣಿಯೆಲ್ಲ ಎತ್ತಿಕೊಂಡು ಓಡುವದು. ಹಾವು ಕಡಿದರೆ ಹೊಲದಲ್ಲಿದ್ದ ಪರವೂರಿನವರೂ ಮೋಟಾರು ಸೈಕಲ್ಲಿನ ಮೇಲೆ ಕೂಡ್ರಿಸಿಕೊಂಡು ಹೋಗುವರು. ಆದರೆ ಒತ್ತಡ, ಸಕ್ಕರೆಗಳ ಬೇನೆಗಳಿಗೆ ನೋವಿಲ್ಲ, ಜ್ವರವಿಲ್ಲ. ಮೂರನೆಯ ತಿಂಗಳಿಗೆ ಸಂಗಡ ಹೋಗುವವರಿಗೆ ಬೇಸರ ಬರುವದು, ಆರನೆಯ ತಿಂಗಳಿಗೆ ರೋಗಿಗೇ ಸಂಕೋಚ ಬರುವದು. ರಾಮದುರ್ಗದ ನೇಕಾರರ ಮನೆಯಲ್ಲಿ ಮಗನು ಒಂದು ದಿನ ದವಾಖಾನೆಗೆ ಹೋದರೆ ಅಂದು ಮಗ್ಗ ನಿಂತಿತು. ಸವದತ್ತಿಯ ಎರೆಭೂಮಿಯಲ್ಲಿ ಹಿಂಗಾರಿಯ ಹದ ಬಂದ ನಾಲ್ಕು ದಿನ, ಸತ್ತರೂ ಆಮೇಲೆ ಸಾಯಿರಿ ಎನ್ನುವಷ್ಟು ಅವಸರ. ಅಂಥ ದಿನಗಳಲ್ಲಿ, "ನನ್ನ ಗುಳಿಗಿ ತೀರ್ಯಾವ" ಎಂದು ಹೇಳುವ ಧೈರ್ಯ ಯಾವ ಮುದುಕಿಗೆ ಇದೆ?

ದಾರಿಯ ವೆಚ್ಚವೂ ಸಣ್ಣದಲ್ಲ. ತಾಲೂಕಿನಲ್ಲಿ ಆಗದ ತಪಾಸಣೆಗೆ ಬೆಳಗಾವಿಗೆ ಹೋಗಬೇಕೆಂದರೆ ಬೈಲಹೊಂಗಲದವರಿಗೆ ಸುಮಾರು 45 ಕಿಲೋಮೀಟರು, ರಾಮದುರ್ಗದವರಿಗೆ ಸುಮಾರು ನೂರು. ಆದುದರಿಂದಲೇ ಸವದತ್ತಿ, ಕಿತ್ತೂರುಗಳ ಜನರು ಜಿಲ್ಲೆಯ ಗಡಿ ದಾಟಿ ಧಾರವಾಡ ಹುಬ್ಬಳ್ಳಿಗಳ ದೊಡ್ಡ ದವಾಖಾನೆಗಳಿಗೆ ಹೋಗುವದು ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೇರೆಗೆ ಹೆಣ್ಣುಮಕ್ಕಳಿಗೆ ಸಾದಾ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲವಾದಾಗ, ಬಸ್ಸಿನಲ್ಲಿ ಕಾಲಿಡಲು ಸ್ಥಳವಿಲ್ಲವಾಯಿತೆಂದು ಗೊಣಗಿದವರಲ್ಲಿ ನಾವೂ ಒಬ್ಬರು. ಈಗ ಆ ಗೊಣಗನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಮೊದಲು ಅತ್ತೆಯೊಬ್ಬಳನ್ನೇ ಬಸ್ಸಿಗೆ ಹತ್ತಿಸಿ, ಕಂಡಕ್ಟರರಿಗೆ "ದವಾಖಾನಿ ಹತ್ರ ಇಳಿಸ್ರಿ ಅಣ್ಣಾ" ಎಂದು ಹೇಳಿ ಮನೆಗೆ ತಿರುಗುತ್ತಿದ್ದ ಸೊಸೆಯರು, ಈಗ ತಾವೂ ಹತ್ತುವದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಗೃಹಸ್ಥರಾದ ವಾಚಕರಿಗೆ ಉಪಯೋಗವಾಗುವ ಒಂದೆರಡು ಮಾತುಗಳನ್ನು ಇಲ್ಲಿಯೇ ಹೇಳಿಬಿಡುವೆವು. ಆಯಿಯ ಬೇನೆಯ ಆರೈಕೆಗಾಗಿ ಓಡಾಡುವಾಗ ನಮಗೆ ತಿಳಿದು, ನಾಚಿಕೆಯಾದ ಮೊದಲನೆಯ ಸಂಗತಿಯೆಂದರೆ, ಅವರು ಬಿಟ್ಟಿದ್ದ ಅದೇ ಗುಳಿಗೆಯು ನಮ್ಮ ಊರಿನ ಉಪಕೇಂದ್ರದಲ್ಲಿಯೇ, ಅವರ ಮನೆಯಿಂದ ಎರಡು ಓಣಿಯ ಆಚೆಗೆ, ಸಿಕ್ಕುತ್ತಿತ್ತು. ಉಪಕೇಂದ್ರವೆಂದರೆ ಬಸುರಿಯರಿಗೂ ಕೂಸುಗಳ ಲಸಿಕೆಗೂ ಇರುವ ಸ್ಥಳವೆಂದೇ ನಮ್ಮೆಲ್ಲರ ಕಲ್ಪನೆ. 2018ರಿಂದ ಈಚೆಗೆ ಅವುಗಳಲ್ಲಿ ಅನೇಕವನ್ನು ಕ್ಷೇಮ ಕೇಂದ್ರಗಳನ್ನಾಗಿ ಮಾಡಿ, ಸಮುದಾಯ ಆರೋಗ್ಯ ಅಧಿಕಾರಿಯೆಂಬವರನ್ನು ನೇಮಿಸಿದ್ದಾರೆ. ಮೂವತ್ತು ವರ್ಷ ಮೀರಿದವರ ಒತ್ತಡ, ಸಕ್ಕರೆಗಳನ್ನು ಅಳೆಯುವದು, ವೈದ್ಯರು ಒಮ್ಮೆ ಗೊತ್ತುಮಾಡಿದ ಗುಳಿಗೆಗಳನ್ನು ತಿಂಗಳು ತಿಂಗಳು ಕೊಡುವದು ಅಲ್ಲಿಯ ಕೆಲಸ. ಮನೆಮನೆಗೆ ಹೋಗಿ ಇಂಥ ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆಯನ್ನು ಸರಕಾರವು 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿತು. ನಿಮ್ಮ ಊರ ಉಪಕೇಂದ್ರದಲ್ಲಿ ಯಾವ ಗುಳಿಗೆ ಇದೆ, ಯಾವದು ಇಲ್ಲ ಎಂಬದನ್ನು ಹೋಗಿ ಕೇಳಿಕೊಳ್ಳುವದಕ್ಕೆ ಕಾಲು ತಾಸು ಸಾಕು. ಇದ್ದರೆ ವರ್ಷಕ್ಕೆ ಎಷ್ಟೋ ಪ್ರವಾಸಗಳು ಉಳಿದವು.

ಎರಡನೆಯದು, ದೊಡ್ಡ ಬೇನೆ ಬಂದಾಗ ನೇರವಾಗಿ ಖಾಸಗಿ ದವಾಖಾನೆಗೆ ಓಡಿಹೋಗಿ, ಆಮೇಲೆ "ಆಯುಷ್ಮಾನ್ ಕಾರ್ಡು ಇದೆ" ಎಂದು ಹೇಳುವವರು ಬಹಳ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ತನಕ ಉಪಚಾರದ ನೆರವು ಇರುವದು ನಿಜ. ಆದರೆ ತುರ್ತು ಸಂದರ್ಭಗಳನ್ನು ಬಿಟ್ಟರೆ, ಸರಕಾರಿ ದವಾಖಾನೆಯವರು 'ಇಲ್ಲಿ ಆಗದು, ಮುಂದೆ ಕಳಿಸಿದ್ದೇವೆ' ಎಂದು ಬರೆದುಕೊಟ್ಟ ಪತ್ರವಿಲ್ಲದೆ ಆ ಕಾರ್ಡು ಖಾಸಗಿಯಲ್ಲಿ ನಡೆಯದು. ಆ ಒಂದು ಕಾಗದವನ್ನು ಕೇಳಿ ಪಡೆಯುವದು ಸಂಗಡ ಹೋದವರ ಕೆಲಸ. ನೋವಿನಲ್ಲಿ ಮಲಗಿದವರಿಗೆ ಅದು ಎಲ್ಲಿ ನೆನಪಾಗಬೇಕು? ಇನ್ನು ಕೇಸ್ ಪೇಪರುಗಳನ್ನು ಲಗ್ನಪತ್ರಿಕೆಯಲ್ಲಾದರೂ ಸರಿ, ಒಂದೇ ಕಡೆಗೆ ಇಡುವ ಶಿಸ್ತನ್ನು ನಮ್ಮ ಆಯಿಯಿಂದ ಕಲಿಯಬೇಕು. ನಮ್ಮ ಮನೆಯಲ್ಲಿ ಅವು ಹಾಲಿನ ಲೆಕ್ಕದ ಪುಸ್ತಕದಲ್ಲಿ ಅರ್ಧ, ದೇವರ ಫೋಟೋದ ಹಿಂದೆ ಅರ್ಧ ಇದ್ದವು.

ಆಯಿ ಬದುಕಿ ಮನೆಗೆ ಬಂದರು. ಮಗನು ಗೋವೆಗೆ ಬರಲು ಕರೆದರೂ ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಸೊಸೆ ಆರು ತಿಂಗಳು ಇದ್ದು ಆರೈಕೆ ಮಾಡಿದಳು. ಈಗ ಕೋಲು ಹಿಡಿದು ಅಂಗಳದ ತನಕ ನಡೆಯುವರು. ಬಲಗೈ ರೊಟ್ಟಿ ಬಡಿಯಲಾರದು. ಮಾತು ಒಂದೆರಡು ಶಬ್ದಗಳ ಮಟ್ಟಿಗೆ ತಿರುಗಿ ಬಂದಿದೆ. ತಿಂಗಳ ಗುಳಿಗೆಗಳನ್ನು ಉಪಕೇಂದ್ರದಿಂದ ಆಶಾ ತಂದು ಕೊಡುತ್ತಾಳೆ. ಅದು ಅವಳ ನೇಮದ ಕೆಲಸವೋ ಅವಳ ಒಳ್ಳೆಯತನವೋ ನಾವು ಕೇಳಿಲ್ಲ. ಮೂರು ತಿಂಗಳಿಗೊಮ್ಮೆ ಮಾತ್ರ ತಾಲೂಕಿಗೆ ಹೋಗಿ ವೈದ್ಯರಿಗೆ ತೋರಿಸಿಕೊಂಡು ಬರಬೇಕು. ಅದಕ್ಕಾಗಿ ಓಣಿಯ ನಾಲ್ಕು ಮನೆಯವರು ಪಾಳಿ ಹಚ್ಚಿಕೊಂಡಿದ್ದೇವೆ. ವರ್ಷಕ್ಕೆ ನಾಲ್ಕು ಸಲ, ಮನೆಗಳು ನಾಲ್ಕು. ಒಂದು ಮನೆಗೆ ವರ್ಷದಲ್ಲಿ ಒಂದೇ ದಿನ. ಮೊದಲಿನಂತೆ ತಿಂಗಳಿಗೊಮ್ಮೆ ಹೋಗಬೇಕಾಗಿದ್ದರೂ ಒಂದು ಮನೆಗೆ ಮೂರು ದಿನ ಬರುತ್ತಿತ್ತು. ಈ ಲೆಕ್ಕವನ್ನು ಹಾಕಿದವಳು ಎಂಟನೆಯ ಇಯತ್ತೆಯಲ್ಲಿ ಓದುವ ನಮ್ಮ ಪಕ್ಕದ ಮನೆಯ ಹುಡುಗಿ. ಅವಳು ಹೇಳಿದಾಗ ದೊಡ್ಡವರು ಯಾರೂ ಮಾತಾಡಲಿಲ್ಲ.

ಈ ಸಲದ ಪಾಳಿ ನಮ್ಮದಿತ್ತು. ಬನದ ಹುಣ್ಣಿಮೆಯ ಸಮಯವಾದ್ದರಿಂದ ಬಸ್ಸು ಯಲ್ಲಮ್ಮನ ಗುಡ್ಡಕ್ಕೆ ಹೊರಟ ಪರಿಸೆಯ ಜನದಿಂದ ಕಿಕ್ಕಿರಿದಿತ್ತು. ಭಂಡಾರ ಹಚ್ಚಿಕೊಂಡ ತರುಣನೊಬ್ಬನು ಎದ್ದು, "ಕೂಡ್ರಿ ಆಯಿ" ಎಂದು ಸ್ಥಳ ಬಿಟ್ಟುಕೊಟ್ಟನು. ದವಾಖಾನೆಯಲ್ಲಿ ಅದೇ ಕಿಟಕಿ, ಅದೇ ಸಾಲು. ಆಯಿ ಕೇಸ್ ಪೇಪರನ್ನು ನಮ್ಮ ಕೈಗೆ ಕೊಡಲೊಲ್ಲದೆ ತಾವೇ ಹಿಡಿದುಕೊಂಡು ನಿಂತರು. ಪಾಳಿ ಬಂದಾಗ ಒಳಗಿನವರು ತಲೆ ಎತ್ತದೆಯೇ ಕೇಳಿದರು, "ಯವ್ವಾ, ನಿನ್ನ ಕೂಡ ಯಾರ ಬಂದಾರ?"

ಆಯಿ ಕೋಲನ್ನು ಗೋಡೆಗೆ ಆನಿಸಿ, ಎಡಗೈಯನ್ನು ಎತ್ತಿ ನಮ್ಮ ಕಡೆಗೆ ತೋರಿಸಿದರು. "ಇವ್ರು" ಎಂಬ ಶಬ್ದವನ್ನು ಹೊರಡಿಸುವದಕ್ಕೆ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಒಳಗಿನವರು ಬರೆಯುವದನ್ನು ನಿಲ್ಲಿಸಿ ಕಾಯ್ದರು. ಆಮೇಲೆ ಚೀಟಿ ಕೊಟ್ಟು, ಹನ್ನೊಂದನೆಯ ಕೋಣೆಯೆಂದರು. ಹೋಗಿ ಅಲ್ಲಿಯ ಬಾಕಿನ ಮೇಲೆ ಕುಳಿತೆವು.